ಮುನಿರಾಜು ಮಾವನ ಈಶಾನ್ಯ

ಬಿಸಿಲಿಗೆ ಕಾದ ತಗಡಿಗೆ ಒಂದು ವಾಸನೆಯಿದೆ. ಬಣ್ಣ, ಧೂಳು, ಕಬ್ಬಿಣ ಮೂರನ್ನೂ ಒಂದೇ ಬಾಣಲೆಯಲ್ಲಿ ಹುರಿದ ಹಾಗೆ. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ, ಬೆಳಗಿನ ಮೀಟಿಂಗು ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ ಅದು ಹಿತ್ತಲ ಕಿಟಕಿಯಿಂದ ಒಳಗೆ ಬರುತ್ತದೆ. ಹೋದ ವಾರ ಆ ವಾಸನೆಯ ಜೊತೆಗೆ ಒಂದು ಹೊಸ ದನಿಯೂ ಬಂತು. ಹಿಂದಿನ ಬೀದಿಯ ಹೆಂಗಸೊಬ್ಬರು ತಮ್ಮ ಹಿತ್ತಲಿಗೂ ಇಂಥದ್ದೇ ಮರೆ ಹಾಕಿಸಬೇಕೆಂದು ನಮ್ಮದನ್ನು ನೋಡಲು ಬಂದಿದ್ದರು. ಅಪ್ಪ ಉತ್ಸಾಹದಿಂದ ತೋರಿಸುತ್ತಿದ್ದರು.

"ಪಾಪ, ಪಿಜಿ ಹುಡುಗರ ಕಾಟ ತಡೀಲಾರ್ದೆ ಹಾಕ್ಸಿದ್ರಂತಲ್ಲ ಸಾರ್ ನೀವು?" ಎಂದರು ಆಕೆ.

"ಹೂಂ, ಹೂಂ," ಎಂದರು ಅಪ್ಪ.

ಈ "ಹೂಂ, ಹೂಂ" ಇದೆಯಲ್ಲ, ಚರಿತ್ರೆ ಹಾಳಾಗುವುದು ಇದರಿಂದಲೇ. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಈ ಕತೆಯನ್ನೇ ಹೇಳುತ್ತಾರೆ. ಮನೆಯ ಹಿಂದೆ ಪಿಜಿ ಹಾಸ್ಟೆಲು ಎದ್ದಿತು, ಹುಡುಗರು ಬಾಲ್ಕನಿಯಲ್ಲಿ ನಿಂತು ನೋಡತೊಡಗಿದರು, ಮಾನವಂತರ ಮನೆಯವರು ಏನು ಮಾಡಿಯಾರು, ತಗಡು ಹೊಡೆಸಿದರು. ಇಸ್ತ್ರಿಯವನು ಹೇಳುತ್ತಾನೆ, ಹಾಲಿನವಳು ಹೇಳುತ್ತಾಳೆ, ಈಗ ನಮ್ಮಪ್ಪನೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಸ್ವಭಾವವೆಂದು ಮನೆಯವರ ಆರೋಪ, ಇರಬಹುದು. ಕಾಲೇಜಿನಲ್ಲಿ ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಕೂಗಾಡಿದ್ದೇ ಹೆಚ್ಚು. ಈಗ ವಿಮೆ ಕಂಪನಿಯೊಂದರಲ್ಲಿ ಕ್ಲೇಮುಗಳನ್ನು ಪರಿಶೀಲಿಸುತ್ತೇನೆ, ಅಂದರೆ ಜನ ಹೇಳಿದ್ದನ್ನು ನಂಬದಿರುವುದಕ್ಕೆ ನನಗೆ ತಿಂಗಳ ಸಂಬಳ ಬರುತ್ತದೆ. ಆದರೂ ನೀವು ಸ್ವಭಾವವನ್ನು ಬದಿಗಿಟ್ಟು ಪುರಾವೆಯನ್ನಷ್ಟೇ ನೋಡಿ.

ಮೊದಲನೆಯ ಮಾತು: ಪಿಜಿ ಹುಡುಗರು ನಮ್ಮ ಹಿತ್ತಲನ್ನು ಯಾವತ್ತೂ ನೋಡಿದವರಲ್ಲ. ಬಾಲ್ಕನಿಗೆ ಬರುತ್ತಾರೆ, ಒದ್ದೆ ಟವೆಲು ಹರಡುತ್ತಾರೆ, ತಲೆ ಬಗ್ಗಿಸಿ ಫೋನು ನೋಡುತ್ತಾರೆ, ಹಾಗೆಯೇ ತಲೆ ಬಗ್ಗಿಸಿಕೊಂಡು ಒಳಗೆ ಹೋಗುತ್ತಾರೆ. ಕೆಳಗೆ ನಾವು ಮನೆಗೆ ಬೆಂಕಿ ಹಚ್ಚಿಕೊಂಡರೂ ಅವರಿಗೆ ಫೋನಿನಲ್ಲಿ ಸುದ್ದಿ ಬಂದರೇ ಗೊತ್ತಾಗಬೇಕು. ಎರಡನೆಯದು ಇನ್ನೂ ಗಟ್ಟಿ. ಪಿಜಿಗೆ ನಾಲ್ಕು ಮಹಡಿ. ನಮ್ಮ ತಗಡು ಕಾಂಪೌಂಡಿನ ಮೇಲೆ ಒಂದಾಳಿನಷ್ಟು ಎತ್ತರ, ಅಷ್ಟೇ. ಮೊದಲ ಮಹಡಿಗೆ ಮರೆಯಾಯಿತು ಅನ್ನಿ. ಮೇಲಿನವರಿಗೆ ನಮ್ಮ ಹಿತ್ತಲು ಅಂಗೈಯಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ನಾನು ಆಗಲೇ ಅಮ್ಮನಿಗೆ ಹೇಳಿದ್ದೆ.

"ಮೇಲಿನವರು ನೋಡ್ಕೊಳ್ಲಿ ಬಿಡು," ಎಂದಿದ್ದಳು ಅಮ್ಮ.

ಅಂದಮೇಲೆ ಮರೆ ಯಾರಿಗೆ?

ಎರಡು ವರ್ಷದ ಹಿಂದಿನ ಮಾತು. ಅಮ್ಮನಿಗೆ ಸ್ಟ್ರೋಕ್ ಆಯಿತು. ಬಿಪಿ ಮಾತ್ರೆ ನುಂಗುವುದನ್ನು ತಾನೇ ನಿಲ್ಲಿಸಿದ್ದಳು, "ಚೆನ್ನಾಗೇ ಇದೀನಲ್ಲ" ಎಂಬ ತರ್ಕದ ಮೇಲೆ. ಮಾತು ಉಳಿಯಿತು, ಬುದ್ಧಿ ಉಳಿಯಿತು, ಜಗಳ ಮಾಡುವ ಶಕ್ತಿಯಂತೂ ಒಂದು ಚೂರೂ ಮುಕ್ಕಾಗದೆ ಉಳಿಯಿತು. ಎಡಗಾಲು ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ನಮ್ಮ ಬೀದಿಯಲ್ಲಿ ಅಮ್ಮನ ನಡಿಗೆಗೆ ಹೆಸರಿತ್ತು. ಸಂಜೆ ಚೀಲ ಹಿಡಿದು ಮಾರ್ಕೆಟ್ ರೋಡಿಗೆ ಹೊರಟಳೆಂದರೆ ಸೊಪ್ಪಿನವನು ಕೂಗುವಷ್ಟರಲ್ಲಿ ಅವನ ಗಾಡಿ ದಾಟಿರುತ್ತಿದ್ದಳು. ಅವಳ ಹಿಂದೆ ಏದುಸಿರು ಬಿಡುತ್ತಾ ಪಕ್ಕದ ಮನೆಯ ಶಾಂತ ಆಂಟಿ. ಹಾವೇರಿ ಕಡೆಯವರು, ಅವರ ಗಂಡನೂ ನಮ್ಮಪ್ಪನೂ ಒಂದೇ ಕಾರ್ಖಾನೆಯಲ್ಲಿ, ವಿಮಾನದ ಬಿಡಿಭಾಗಗಳ ನಡುವೆ, ತಲೆ ನರೆಸಿಕೊಂಡವರು. "ಬಾರೇ ಆಮೆ, ನೀನು ಬರೋ ಹೊತ್ತಿಗೆ ಸೊಪ್ಪು ಬಾಡಿ ಹೋಗಿರತ್ತೆ," ಎಂದು ಅಮ್ಮ ತಿರುಗಿ ಕೂಗುವುದು. "ನೀವು ಮುಂದ ಹೋಗಿ ರೇಟ್ ಕೇಳ್ರಿ ಅಕ್ಕಾರ, ನಾ ಬಂದು ಚೌಕಾಸಿ ಮಾಡ್ತೀನಿ," ಎಂದು ಅವರು ಕೂಗುವುದು. ಇದು ಎಷ್ಟು ಕಾಲ ನಡೆದಿತ್ತೆಂದರೆ, ಕೂಗಿಲ್ಲದ ದಿನ ಬೀದಿಯವರು ಬಂದು ವಿಚಾರಿಸುತ್ತಿದ್ದರು.

ಫಿಸಿಯೋಥೆರಪಿಗೆ ಬರುತ್ತಿದ್ದವಳು ಮೆಲುದನಿಯ ಹುಡುಗಿ, ಆದರೆ ಮಾತಿನಲ್ಲಿ ಬೆಣ್ಣೆಯಿರಲಿಲ್ಲ. "ಆಂಟಿ, ಈ ಕೆಲವು ತಿಂಗಳು ತುಂಬಾ ಮುಖ್ಯ. ಈಗ ದಿನಾ ನಡೆದ್ರೆ ಕಾಲು ವಾಪಸ್ ಬರತ್ತೆ. ಈಗ ಕೂತ್ರೆ ಕೂತೇ ಇರ್ತೀರ." ನಮ್ಮ ಮನೆಯೊಳಗೆ ನಡೆಯುವುದೆಂದರೆ ಸೋಫಾ, ಮಂಚ, ಫ್ರಿಜ್ಜುಗಳ ನಡುವೆ ಅಡ್ಡಡ್ಡ ಸರಿಯುವುದು. ಮುಂದೆ ಬೀದಿ. ಅಮ್ಮ ಬೀದಿಗೆ ಸುತರಾಂ ಒಪ್ಪಲಿಲ್ಲ. ಉಳಿದದ್ದು ಹಿತ್ತಲು: ಉದ್ದಕ್ಕಿದೆ, ಸಿಮೆಂಟು ಹಾಕಿದೆ, ಹಿಡಿದುಕೊಳ್ಳಲು ಎದೆಮಟ್ಟದ ಕಾಂಪೌಂಡಿದೆ. ಎಲ್ಲ ಸರಿ. ಅಮ್ಮ ಹಿತ್ತಲ ಬಾಗಿಲಲ್ಲಿ ವಾಕರ್ ಹಿಡಿದು ಒಂದು ಸಲ ನಿಂತಳು, ಎದುರಿಗೆ ನೋಡಿದಳು, ಬಲಕ್ಕೆ ನೋಡಿದಳು, ತಿರುಗಿ ಒಳಗೆ ಬಂದಳು.

"ಮರೆ ಮಾಡ್ಸಿ. ನಡೀತೀನಿ. ಇಲ್ಲಾಂದ್ರೆ ಇಲ್ಲ."

ಆಯಿತು ತಾಯಿ, ಮರೆ ತಾನೇ, ಮಾಡಿಸೋಣ, ಎಂದು ನಾನು ಅಂದುಕೊಂಡೆ. ನಾಲ್ಕು ದಿನದ ಕೆಲಸವೆಂದುಕೊಂಡೆ. ಆ ಮುಗ್ಧತೆಯನ್ನು ನೆನೆದರೆ ಈಗ ನನಗೇ ನನ್ನ ಮೇಲೆ ಕನಿಕರ ಹುಟ್ಟುತ್ತದೆ.

ಮೊದಲು ನೋಡಿದ್ದು ಹಸಿರು ಬಲೆಯ ನೆಟ್ಟು. ಹಗುರ, ಬೇಗ ಆಗುತ್ತದೆ. "ಕಟ್ಟಡ ಕಟ್ಟೋ ಕಡೆ ಕಟ್ತಾರೆ ಅದನ್ನ," ಎಂದಳು ಅಮ್ಮ. "ಇನ್ನೊಂದು ಮಹಡಿ ಏರಿಸ್ತಿದಾರೆ ಅಂತ ದಿನಾ ಬ್ರೋಕರುಗಳು ಬರ್ತಾರೆ. ಯಾರು ಉತ್ತರ ಹೇಳೋದು?" ಬಿದಿರಿನ ತಟ್ಟಿ ಎಂದೆ. ಗೆದ್ದಲು ಹಿಡಿಯುತ್ತದೆ ಎಂದರು ಅಪ್ಪ. ಗೆದ್ದಲು ಹಿಡಿಯುವಷ್ಟರಲ್ಲಿ ಕಾಲು ಸರಿಹೋಗಿರುತ್ತದೆ ಎಂದೆ. ಅಪ್ಪ ಒಪ್ಪಿದರು, ಅಮ್ಮ "ಕೋಳಿ ಅಂಗಡಿ ತರ ಇರತ್ತೆ" ಎಂದಳು, ಅಪ್ಪ ಒಪ್ಪಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ದಾಸವಾಳದ ಬೇಲಿ ಬೆಳೆಸೋಣ ಎಂದು ಸಲಹೆ ಬಂದದ್ದು ಅಪ್ಪನಿಂದಲೇ. ದಾಸವಾಳ ಆಳೆತ್ತರ ಬೆಳೆಯುವವರೆಗೆ ಕಾದಿರು ಎಂದು ಆ ಕಾಲನ್ನು ಯಾರು ಕೇಳಿಕೊಳ್ಳಬೇಕು?

ಇಂದಿರಾನಗರದ ಒಂದು ಅಂಗಡಿಗೂ ಹೋಗಿಬಂದೆ. ಒಳಗೆ ಕಾಲಿಟ್ಟರೆ ತಣ್ಣನೆಯ ಗಾಳಿ, ಗೋಡೆಯ ತುಂಬ ಪ್ಲಾಸ್ಟಿಕ್ ಎಲೆಗಳ ಬೇಲಿ. ಕಾಫಿ ಅಂಗಡಿಗಳಲ್ಲಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದೇ. ಕುತ್ತಿಗೆಗೆ ಟ್ಯಾಗು ಹಾಕಿಕೊಂಡ ಹುಡುಗ "ಮೇಡಂ, ನೀವು ಹುಡುಕ್ತಿರೋದು ಫೆನ್ಸ್ ಅಲ್ಲ, ಒಂದು ಎಕ್ಸ್‌ಪೀರಿಯೆನ್ಸ್," ಎಂದ. ಅಲ್ಲಪ್ಪ, ಫೆನ್ಸೇ, ಎಂದೆ. ಅವನು ಎಲೆಗಳ ಪಟ್ಟಿಯೊಂದನ್ನು ಕೈಗೆ ಕೊಟ್ಟು ಮುಟ್ಟಿ ನೋಡಿ ಎಂದ. ನಾನು ಮೂಸಿಯೂ ನೋಡಿದೆ. ಹೊಸ ಚಪ್ಪಲಿಯ ವಾಸನೆ. ಫೋಟೊ ತಂದು ತೋರಿಸಿದರೆ ಅಮ್ಮ ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದಳು: "ಇಷ್ಟು ಎಲೆ ಧೂಳು ಯಾರು ಒರೆಸ್ತಾರೆ? ನೀನು ಒರೆಸ್ತೀಯಾ?" ಚರ್ಚೆಯಲ್ಲಿ ಇದಕ್ಕೆ ನಾಕೌಟ್ ಎನ್ನುತ್ತಿದ್ದೆವು.

ನೀವು ನಗುತ್ತಿರಬಹುದು. ನಾನೂ ಈಗ ನಗುತ್ತೇನೆ. ಆದರೆ ಒಂದೊಂದು ವಾದಕ್ಕೂ ಒಂದೊಂದು ವಾರ ಹೋಗುತ್ತಿತ್ತು. ಆ ವಾರವೆಲ್ಲ ಅಮ್ಮನ ಎಡಗಾಲು ಸ್ಟೂಲಿನ ಮೇಲೆ ದಿಂಬಿನ ಹಾಗೆ ಬಿದ್ದಿರುತ್ತಿತ್ತು. ಫಿಸಿಯೋ ಹುಡುಗಿ ಬಂದು ಅದನ್ನೆತ್ತಿ ಮಡಿಸಿ ನೀವಿ, "ನಡೆದ್ರಾ ಆಂಟಿ?" ಎನ್ನುತ್ತಿದ್ದಳು. "ಬೇಲಿ ಬರ್ಲಿ," ಎನ್ನುತ್ತಿದ್ದಳು ಅಮ್ಮ. ಹುಡುಗಿ ನನ್ನ ಮುಖ ನೋಡುತ್ತಿದ್ದಳು. ಈ ಮನೆಯಲ್ಲಿ ಒಂದು ಬೇಲಿ ಆರಿಸಲಾರದವಳು ವೇದಿಕೆಯ ಮೇಲೆ ದೇಶದ ಆರ್ಥಿಕ ನೀತಿಯನ್ನು ಖಂಡಿಸಿ ಕಪ್ಪು ಗೆದ್ದಿದ್ದಾಳೆಂದು ಅವಳಿಗೆ ಹೇಳುವುದು ಹೇಗೆ?

ಈ ನಡುವೆ ಶಾಂತ ಆಂಟಿಯ ವಿಷಯ. ಅಮ್ಮ ಆಸ್ಪತ್ರೆಯಿಂದ ಬಂದ ದಿನವೇ ಅವರು ರೊಟ್ಟಿ, ಎಣ್ಣೆಗಾಯಿ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ತಡ, ಅಮ್ಮ ಕಣ್ಣು ಮುಚ್ಚಿದಳು. ನಿದ್ದೆಯಲ್ಲ, ಮುಚ್ಚಿದ್ದು, ಆ ಎರಡರ ವ್ಯತ್ಯಾಸ ಮನೆಯವರಿಗೆ ಗೊತ್ತಿರುತ್ತದೆ. ಮಾರನೆಯ ದಿನವೂ ಹಾಗೆಯೇ. ಮೂರನೆಯ ಸಲ "ಮಲಗಿದಾಳೆ ಅಂತ ಹೇಳ್ಬಿಡು" ಎಂದು ನನ್ನನ್ನೇ ಮುಂದೆ ತಳ್ಳಿದಳು. ನಾನು ಹೇಳಿದೆ. ಶಾಂತ ಆಂಟಿ ಕೋಣೆಯ ಕಡೆ ಒಮ್ಮೆ ನೋಡಿ, "ಮಲಗ್ಲಿ ಬಿಡವಾ, ಎದ್ದಾಗ ಹೇಳು, ಆಮಿ ಬಂದಿತ್ತು ಅಂತ," ಎಂದು ಡಬ್ಬಿ ಕೊಟ್ಟು ಹೋದರು. ಆಮೇಲೆ ಒಳಗೆ ಬರುವುದನ್ನು ಬಿಟ್ಟರು.

ಬಿಟ್ಟರು ಎಂದರೆ ಸುಮ್ಮನಾದರು ಎಂದಲ್ಲ. ಅವರ ಬಟ್ಟೆ ಒಗೆಯುವ ಕಲ್ಲು ನಮ್ಮ ಹಿತ್ತಲಿನ ಬಲ ಮೂಲೆಗೆ ಅಂಟಿಕೊಂಡಿದೆ, ನಡುವೆ ಕಾಂಪೌಂಡು ಅಷ್ಟೇ. ವಾಷಿಂಗ್ ಮೆಷಿನ್ ಇರುವ ಆ ಮನೆಯಲ್ಲಿ ಇದ್ದಕ್ಕಿದ್ದಂತೆ ದಿನವೂ ಕಲ್ಲಿನ ಮೇಲೆ ಬಟ್ಟೆ ಬೀಳತೊಡಗಿತು. ಒಗೆಯುತ್ತಾ ಅವರು ಬಟ್ಟೆಗಳ ಜೊತೆ ಗಟ್ಟಿಯಾಗಿ ಮಾತಾಡುವರು. "ಬೀನ್ಸಿನ ರೇಟು ಕೇಳಬ್ಯಾಡ ನೀ. ಕೇಳಿದ್ರ ಕುಂತಲ್ಲೇ ಕುಂದರ್ತಿ." "ಆ ಸೊಪ್ಪಿನಾಂವ ಕೇಳ್ತಿದ್ದ, ಜೋರಾಗಿ ಓಡೂ ಅಮ್ಮ ಎಲ್ಲಿ ಅಂತ. ನಾ ಅಂದೆ, ಊರಿಗೆ ಹೋಗ್ಯಾರ." ಅಂಗಿಗೆ ಹೇಳಿದ್ದೋ ಲುಂಗಿಗೆ ಹೇಳಿದ್ದೋ ಗೊತ್ತಿಲ್ಲ. ಅಮ್ಮ ಒಳಗೆ ಕೂತು ಟೀವಿಯ ಸದ್ದು ಕಡಿಮೆ ಮಾಡುತ್ತಿದ್ದಳು.

ಈ ಸಂಗತಿಗಳನ್ನು ಜೋಡಿಸಿ ನಾನೊಂದು ತೀರ್ಮಾನಕ್ಕೆ ಬಂದೆ. ಮರೆ ಬೇಕಾಗಿರುವುದು ಪಿಜಿಗಲ್ಲ, ಶಾಂತ ಆಂಟಿಗೆ. ಯಾರನ್ನು ಇಷ್ಟು ವರ್ಷ ಆಮೆ ಎಂದು ಕರೆದಳೋ ಅವರ ಕಣ್ಣೆದುರು ಕಾಲೆಳೆದುಕೊಂಡು ನಡೆಯುವುದು ಅಮ್ಮನಿಂದ ಆಗದು. ಹೊರಗೆ ಪಿಜಿಯ ಹೆಸರು, ಒಳಗೆ ಈ ಕಾರಣ. ನನ್ನ ವಾದ ಎಷ್ಟು ಬಿಗಿಯಾಗಿತ್ತೆಂದರೆ ಸ್ವಲ್ಪ ದಿನ ಅದರ ಬಗ್ಗೆ ನನಗೆ ಹೆಮ್ಮೆಯೇ ಆಯಿತು.

ಕೊನೆಗೆ ತಗಡೇ ಗತಿಯಾಯಿತು. ಬಣ್ಣ ಹಾಕಿದ ಶೀಟು, ಕಬ್ಬಿಣದ ಪೈಪಿನ ಕಂಬ. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ನಯಾಜ್ ಭಾಯ್ ಅಳತೆಗೆ ಬಂದರು. ಅವರದು ಒಂದು ಪದ್ಧತಿ: ಅಳತೆ ತೆಗೆಯುವಾಗ ಮಾಲೀಕರು ಹೇಳಿದ್ದಕ್ಕೆಲ್ಲ "ಆಗತ್ತೆ" ಎನ್ನುವುದು, ಮಾರನೆಯ ದಿನ ಫೋನಿನಲ್ಲಿ ಒಂದೊಂದಾಗಿ "ಆಗಲ್ಲ" ಎನ್ನುವುದು.

"ಭಾಯ್, ನಾಳೆ ಬರ್ತೀರಾ?"

"ಪಕ್ಕಾ ಮೇಡಂ, ನಾಳೆ."

"ನಿನ್ನೇನೂ ಇದನ್ನೇ ಹೇಳಿದ್ರಿ."

"ನಿನ್ನೆ ಹೇಳಿದ ನಾಳೆ ಅಂದ್ರೆ ಇವತ್ತು ಮೇಡಂ. ಇವತ್ತು ಕರೆಂಟಿಲ್ಲ. ಈಗ ಹೇಳ್ತಿರೋ ನಾಳೆ ಬೇರೆ."

ನನ್ನ ವಾದವಿವಾದಗಳ ಅನುಭವದಲ್ಲಿ ಇಷ್ಟು ನಿಖರವಾದ ಪ್ರತ್ಯುತ್ತರ ಅಪರೂಪ. ಅಂತೂ ಒಂದು ಬೆಳಗ್ಗೆ ಗೂಡ್ಸ್ ಆಟೋದಲ್ಲಿ ಶೀಟು, ಪೈಪು ಬಂದಿಳಿದವು. ಇಳಿದ ಕೂಡಲೇ ಹೊಸ ತಕರಾರು: ಶೀಟಿನ ಚೆಂದದ ಮುಖ ಯಾರ ಕಡೆಗೆ? ಒಂದು ಬದಿ ನುಣ್ಣಗೆ, ಹೊಳಪು ಬಣ್ಣ. ಇನ್ನೊಂದು ಬದಿಯಲ್ಲಿ ಅಡ್ಡಪಟ್ಟಿ, ಬೋಲ್ಟು, ವೆಲ್ಡಿಂಗಿನ ಗಂಟು. ಕಾಸು ಕೊಡುವವರು ನಾವು, ಚೆಂದ ನಮ್ಮ ಕಡೆಗಿರಲಿ ಎಂದರು ಅಪ್ಪ. ಎಲ್ಲರೂ ಮಾಡಿಸುವುದೂ ಹಾಗೆಯೇ ಎಂದರು ನಯಾಜ್ ಭಾಯ್. ಅಮ್ಮ ಒಳಗಿನಿಂದಲೇ ಕೂಗಿದಳು:

"ಪಿಜಿ ಕಡೆ ಹೆಂಗಾದ್ರೂ ಹೊಡ್ಕೊಳ್ಲಿ. ಶಾಂತನ ಕಡೆ ಚೆನ್ನಾಗಿರೋ ಮುಖ ಹಾಕ್ಸಿ. ದಿನಾ ನೋಡೋಳು ಅವಳು ತಾನೇ?"

"ಅಮ್ಮಾ, ಅವರು ನೋಡ್ಬಾರ್ದು ಅಂತ ತಾನೇ ಇದೆಲ್ಲ?" ಎಂದೆ.

"ನಾನು ಯಾವಾಗ ಹಾಗಂದೆ?"

ಅಂದಿರಲಿಲ್ಲ, ನಿಜ. ಅದು ನನ್ನ ತೀರ್ಮಾನವಾಗಿತ್ತು. ಬೋಲ್ಟುಗಳನ್ನು ತೋರಿಸಿ ಶಾಂತ ಆಂಟಿಯ ಬಾಯಿಗೆ ಬೀಳಬಾರದೆಂಬ ಜಂಬ ಇದು ಎಂದು ವ್ಯಾಖ್ಯಾನ ಬರೆದುಕೊಂಡು ಮುಂದೆ ನಡೆದೆ.

ಆಗ ಬಂದ ಮುನಿರಾಜು ಮಾವ.

ಇವನು ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಕೆ.ಆರ್. ಪುರದ ಆಚೆ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟು ಬೆಳೆದಿದೆ. ಅದರಲ್ಲಿ ಮಾವನ ಪಾಲಿಗೆ ಬಂದ ಮನೆಗಳ ಬಾಡಿಗೆ ಬರುತ್ತದೆ, ಜೊತೆಗೆ ಬೇಕಾದಷ್ಟು ಬಿಡುವೂ ಬರುತ್ತದೆ. ಆ ಬಿಡುವಿನಲ್ಲಿ ಅವನು ವಾಸ್ತು ಕಲಿತ. ಫೋನಿನಲ್ಲಿ. ನೆಂಟರಿಷ್ಟರ ಮನೆಗೆ ಹೋಗಿ ಚಹಾ ಕುಡಿಯುವ ಮೊದಲು ದಿಕ್ಕು ನೋಡುವುದು ಅವನ ಹವ್ಯಾಸ. ಅವನ ಮಾತಿನ ಮೇಲೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರದ ಒಬ್ಬ ನೆಂಟ ತನ್ನ ಬಚ್ಚಲನ್ನು ಎರಡು ಸಲ ಒಡೆಸಿ ಕಟ್ಟಿಸಿದ್ದಾನೆ.

"ಅಕ್ಕಾ, ಎಲ್ಲಾ ಮುಚ್ಚಿಸ್ತಿದೀಯಲ್ಲ, ಈಶಾನ್ಯ ನೋಡ್ಕೊಂಡ್ಯಾ?" ಎಂದ, ಚಪ್ಪಲಿ ಬಿಡುವ ಮೊದಲೇ.

"ಮಾವ, ಅಮ್ಮ ನಡೆಯೋಕೆ ಜಾಗ ಮಾಡ್ತಿದೀವಿ. ಈಶಾನ್ಯಕ್ಕೂ ಕಾಲಿಗೂ ಏನು ಸಂಬಂಧ?"

"ಸಂಬಂಧ ಇಲ್ವಾ ಲಾಯರಮ್ಮ?" ನಾನು ಲಾಯರಲ್ಲ, ಅದು ಅವನ ಹಂಗಿಸುವ ಕ್ರಮ. "ಈ ಪಿಜಿ ಬಂದು ಬೆಳಕು ಮುಚ್ಚಿದ್ಮೇಲೆ ತಾನೇ ಅಕ್ಕಂಗೆ ಹಿಂಗಾಗಿದ್ದು?"

"ಪಿಜಿ ಬಂದು ವರ್ಷಗಳಾಯ್ತು. ಹಿಂಗಾಗಿದ್ದು ಬಿಪಿ ಮಾತ್ರೆ ಬಿಟ್ಟಿದ್ದಕ್ಕೆ."

"ಮಾತ್ರೆ ಯಾಕೆ ಬಿಟ್ಲು? ಅದನ್ನ ಕೇಳು ನೀನು."

ಇಂಥ ವಾದಕ್ಕೆ ತುದಿಯಿಲ್ಲ, ಬುಡವೂ ಇಲ್ಲ. ಎಲ್ಲಿ ಹಿಡಿದು ಜಗ್ಗುತ್ತೀರಿ? ಅಷ್ಟರಲ್ಲಿ ಮಾವ ಫೋನು ತೆಗೆದು ಹಿತ್ತಲಿಗೆ ಹೋದ. ಇಲ್ಲಿ ಸ್ವಲ್ಪ ಭೂಗೋಳ ಹೇಳಬೇಕು, ಬೇಸರಿಸಬೇಡಿ. ನಮ್ಮ ಮನೆಯ ಹಿತ್ತಲ ಬಾಗಿಲು ತೆರೆದರೆ ಎದುರಿಗೆ ನೇರ ಪೂರ್ವ, ಅಲ್ಲಿ ಪಿಜಿ. ಎಡಗಡೆ ಉತ್ತರ, ಅಲ್ಲಿ ಯಾವುದೋ ಗೋಡೌನಿನ ಕಿಟಕಿಯಿಲ್ಲದ ಗೋಡೆ. ಬಲಗಡೆ ದಕ್ಷಿಣ, ಶಾಂತ ಆಂಟಿಯ ಮನೆ. ಹೀಗಾಗಿ ಈಶಾನ್ಯವೆಂದರೆ ಗೋಡೌನಿನ ಪಕ್ಕದ ಎಡ ಮೂಲೆ. ಅಲ್ಲಿ ಒಂದಿಷ್ಟು ಜಾಗ ಬಿಟ್ಟರೂ ಯಾರಿಗೂ ನಷ್ಟವಿಲ್ಲ, ಹಾಳಾಗಿ ಹೋಗಲಿ, ಮಾವನ ಸಮಾಧಾನಕ್ಕೆ ಬಿಟ್ಟರಾಯಿತು ಎಂದು ನಾನು ಒಳಗೊಳಗೇ ರಾಜಿಯಾಗಿದ್ದೆ.

ಮಾವ ಪೈಪುಗಳ ರಾಶಿಗೆ ಒರಗಿ ನಿಂತ. ಅವನ ಫೋನಿಗೆ ಪುಸ್ತಕದ ಹಾಗೆ ತೆರೆಯುವ ಚರ್ಮದ ಹೊದಿಕೆ, ಅದರ ಅಂಚಿನಲ್ಲಿ ಮುಚ್ಚಳ ಕಚ್ಚಿಕೊಳ್ಳಲು ಅಯಸ್ಕಾಂತದ ಗುಂಡಿ. ಮುಂದೆ ಅಯಸ್ಕಾಂತ, ಹಿಂದೆ ಒಂದು ಗಾಡಿ ಕಬ್ಬಿಣ, ನಡುವೆ ದಿಕ್ಸೂಚಿ. ಮುಳ್ಳು ಪಾಪ ಎಷ್ಟು ಸುತ್ತು ತಿರುಗಿತೋ, ಕೊನೆಗೆ ಸುಸ್ತಾಗಿ ಒಂದು ಕಡೆ ನಿಂತಿತು. ಮಾವ ತಲೆಯೆತ್ತಿ ಗಂಭೀರವಾಗಿ ಬಲ ಮೂಲೆಯನ್ನು ತೋರಿಸಿದ. ಒಗೆಯುವ ಕಲ್ಲಿನ ಮೂಲೆ.

"ಇದೇ ಈಶಾನ್ಯ. ಒಂದು ಬಾಗಿಲಗಲ ಬಿಟ್ಬಿಡಿ. ಇಲ್ಲಿ ಕಬ್ಬಿಣ ಸೋಕ್ಬಾರ್ದು."

"ಮಾವ! ಅದು ಆಗ್ನೇಯ. ಪೂರ್ವ ಎದುರಿಗಿದೆ, ಪಿಜಿ ಇರೋದೇ ಪೂರ್ವದಲ್ಲಿ. ನಿಮ್ಮ ಫೋನಿನ ಕವರಲ್ಲಿ ಮ್ಯಾಗ್ನೆಟ್ ಇದೆ."

"ಇದು ಸ್ಯಾಟಲೈಟಮ್ಮ. ಸ್ಯಾಟಲೈಟಿಗೆ ಮ್ಯಾಗ್ನೆಟ್ ಏನು ಮಾಡತ್ತೆ?"

"ಸೂರ್ಯ ಹುಟ್ಟೋದು ಎಲ್ಲಿ ಹಾಗಾದ್ರೆ?"

"ಎಲ್ಲಿ ಹುಟ್ತಾನೆ, ತೋರ್ಸು."

ತೋರಿಸುವುದೇನನ್ನು? ಪಿಜಿ ಎದ್ದ ಮೇಲೆ ನಮ್ಮ ಹಿತ್ತಲಿನಲ್ಲಿ ಸೂರ್ಯ ಹುಟ್ಟುವುದನ್ನು ಯಾರೂ ಕಂಡಿಲ್ಲ. ಅವರ ನೀರಿನ ಟ್ಯಾಂಕಿನ ಮೇಲೆ ಆಗಲೇ ಬೆಳೆದು ದೊಡ್ಡವನಾಗಿ ಬರುತ್ತಾನೆ. "ಮೇಲಾಗಿ," ಎಂದ ಮಾವ, ಬೆರಳೆತ್ತಿ, "ಸೂರ್ಯ ಉತ್ತರಾಯಣದಲ್ಲಿ ಒಂದ್ಕಡೆ, ದಕ್ಷಿಣಾಯನದಲ್ಲಿ ಒಂದ್ಕಡೆ. ನಿಲ್ಲೋನಲ್ಲ ಅವನು. ಫೋನು ಹಂಗಲ್ಲ."

ನಯಾಜ್ ಭಾಯ್ ವೆಲ್ಡಿಂಗ್ ಮುಖವಾಡವನ್ನು ಹಣೆಗೇರಿಸಿ ಇಬ್ಬರನ್ನೂ ನೋಡಿದರು. "ಮೇಡಂ, ಸೂರ್ಯ ಎಲ್ಲಾದ್ರೂ ಹುಟ್ಲಿ. ನಂಗೆ ಎಲ್ಲಿ ಹೊಡೀಬೇಕು, ಎಲ್ಲಿ ಬೇಡ, ಅಷ್ಟು ಹೇಳಿ. ಮಧ್ಯಾಹ್ನ ಹಲಸೂರಲ್ಲಿ ಇನ್ನೊಂದು ಗೇಟಿದೆ."

ನಾನು ತೀರ್ಪಿಗಾಗಿ ಅಮ್ಮನ ಕಡೆ ತಿರುಗಿದೆ. ಅವಳನ್ನು ಕುರ್ಚಿ ಸಮೇತ ಬಾಗಿಲ ಬಳಿ ತಂದು ಕೂರಿಸಿದ್ದೆವು. ಅವಳು ಪಿಜಿಯನ್ನು ನೋಡಿದಳು. ಗೋಡೌನಿನ ಗೋಡೆಯನ್ನು ನೋಡಿದಳು. ಬಲ ಮೂಲೆಯನ್ನು ನೋಡಿದಳು. ಆಚೆ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ನಿಂತಿತ್ತು. ಅಲ್ಲಿ ಕಿವಿಗಳು ಅರಳಿದ್ದವೆಂದು ಬೇರೆ ಹೇಳಬೇಕಿಲ್ಲ.

"ಮುನಿರಾಜ ಹೇಳಿದ್ದೇ ಸರಿ," ಎಂದಳು ಅಮ್ಮ. "ಬಿಟ್ಬಿಡಿ ಆ ಮೂಲೇನ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಎಷ್ಟು ವಾರ, ಎಷ್ಟು ಅಂಗಡಿ, ಎಷ್ಟು "ಪಕ್ಕಾ ನಾಳೆ"ಗಳ ನಂತರ, ಯಾರಿಗೆ ಕಾಣಬಾರದೋ ಅವರಿಗೆ ಮಾತ್ರ ಕಾಣುವಂಥ ಮರೆಯೊಂದನ್ನು ನಾವು ನಿರ್ಮಿಸಿದ್ದೆವು. ಎದುರಿಗೆ ಯಾರೂ ನೋಡದ ಕಡೆ ತಗಡು. ಬಲಕ್ಕೆ ನುಣ್ಣನೆಯ ಮುಖ ಹೊರಗೆ ಮಾಡಿದ ತಗಡು. ಅದರ ಕೊನೆಯಲ್ಲಿ, ಒಗೆಯುವ ಕಲ್ಲಿನ ಎದುರಿಗೇ ಸರಿಯಾಗಿ, ಎದೆಮಟ್ಟದ ಹಳೆಯ ಕಾಂಪೌಂಡಿನ ಮೇಲೆ ಒಂದು ಬಾಗಿಲಗಲದ ಆಕಾಶ. ಮೂಢನಂಬಿಕೆ ಎಂಬ ವಿಷಯದ ಮೇಲೆ ಅವತ್ತು ನಾನು ಊಟದ ಹೊತ್ತಿನಲ್ಲಿ ಮಾಡಿದ ಭಾಷಣಕ್ಕೆ ಕಾಲೇಜಿನಲ್ಲಾಗಿದ್ದರೆ ಮೊದಲ ಬಹುಮಾನ ಖಂಡಿತ. ಅಮ್ಮ ಪೂರ್ತಿ ಕೇಳಿ, "ಸಾರಿಗೆ ಉಪ್ಪು ಕಮ್ಮಿ ಆಗಿದೆ," ಎಂದಳು.

ಮಾರನೆಯ ಬೆಳಗ್ಗೆಯಿಂದ ನಡೆಯತೊಡಗಿದಳು. ಮಾತು ಕೊಟ್ಟಿದ್ದಳಲ್ಲ. ಮೊದಮೊದಲು ಪಿಜಿ ಕಡೆಯ ಕಾಂಪೌಂಡು ಹಿಡಿದು, ಅಪ್ಪನ ಕೈ ಹಿಡಿದು, ಎಡಗಾಲನ್ನು ಬೈಯುತ್ತಾ. ತೆರೆದ ಮೂಲೆಯ ಹತ್ತಿರಕ್ಕೆ ಹೋಗುತ್ತಿರಲಿಲ್ಲ. ಅಲ್ಲಿಗೆ ಸ್ವಲ್ಪ ಮೊದಲೇ ತಿರುಗಿಬಿಡುತ್ತಿದ್ದಳು. ಆಚೆಯಿಂದ ಬಟ್ಟೆಗಳ ಜೊತೆಗಿನ ಸಂಭಾಷಣೆ ಮುಂದುವರಿದಿತ್ತು. ಒಂದು ದಿನ ನಾನು ಕ್ಲೇಮೊಂದರ ಮೇಲೆ ತಲೆ ಬಗ್ಗಿಸಿ ಕೂತಿದ್ದಾಗ ಆ ಸಂಭಾಷಣೆಯಲ್ಲಿ ಏನೋ ಬದಲಾದ ಹಾಗೆ ಕೇಳಿಸಿತು. ಕಿಟಕಿಗೆ ಹೋದೆ. ಅಪ್ಪ ಅಲ್ಲಿರಲಿಲ್ಲ. ಅಮ್ಮ ಒಬ್ಬಳೇ, ವಾಕರ್ ಹಿಡಿದು, ಆ ಬಾಗಿಲಗಲದ ಮುಂದೆ ನಿಂತಿದ್ದಳು. ಆಚೆ ಶಾಂತ ಆಂಟಿ, ಸೋಪಿನ ಕೈ ಸೊಂಟದ ಮೇಲಿಟ್ಟುಕೊಂಡು.

"ಇಷ್ಟ ಏನ್ರಿ ಅಕ್ಕಾರ ನಿಮ್ಮ ಓಟ? ನನಗ ಆಮಿ ಅಂತಿದ್ರಿ?"

"ಬಾಯ್ಮುಚ್ಚೇ. ಒಂದು ಕಾಲಲ್ಲಿ ಇಷ್ಟು ಬಂದಿದೀನಿ. ನೀನು ಎರಡು ಕಾಲಿಟ್ಕೊಂಡು ಏನು ಕಡಿದೆ?"

"ನಾ ಇಲ್ಲೇ ನಿಂತು ಕಾಯಾಕತ್ತೀನಲ್ರಿ, ಎಷ್ಟು ದಿನದಿಂದ!"

ಶಾಂತ ಆಂಟಿ ಸೆರಗಿಗೆ ಕೈ ಒರೆಸಿಕೊಂಡು ಕಾಂಪೌಂಡಿನ ಮೇಲಿಂದ ಕೈ ಚಾಚಿದರು. ಹಿಡಿದುಕೊಳ್ಳಲಿ ಎಂದೋ, ಸುಮ್ಮನೆಯೋ. ಅಮ್ಮ ಹಿಡಿದುಕೊಂಡಳು. ಅವತ್ತಿನಿಂದ ಅವಳ ನಡಿಗೆಯ ಕೊನೆ ಆ ಮೂಲೆಯಾಯಿತು. ಫಿಸಿಯೋ ಹುಡುಗಿ ಹೇಳಿದ್ದಕ್ಕಿಂತ ಹೆಚ್ಚು ಸಲ ಅಲ್ಲಿಗೆ ಹೋಗಿ ಬರುತ್ತಾಳೆ. ಒಂದೊಂದು ಸಲ ಜಗಳ ಅರ್ಧಕ್ಕೆ ನಿಂತಿರುತ್ತದೆ, ಅದನ್ನು ಮುಗಿಸಲು. ವಾಕರ್ ಹೋಗಿ ಕೋಲು ಬಂದು, ಈಗ ಕೋಲನ್ನೂ ಎಲ್ಲೆಲ್ಲೋ ಮರೆತು ಬರುತ್ತಾಳೆ. ಮಾರ್ಕೆಟ್ ರೋಡಿಗೆ ಇನ್ನೂ ಹೋಗಿಲ್ಲ. ತರಕಾರಿಯ ರೇಟು ಆ ಮೂಲೆಯಿಂದ ಬರುತ್ತದೆ.

ಇಷ್ಟು ಕಂಡ ಮೇಲೂ ನಾನು, ಪುರಾವೆ ಪುರಾವೆ ಎಂದು ಬಡಿದುಕೊಳ್ಳುವವಳು, ಇದನ್ನು ಆಕಸ್ಮಿಕವೆಂದೇ ಲೆಕ್ಕ ಹಾಕಿದ್ದೆ. ಮಾವನ ಪೆದ್ದುತನದಿಂದ ಆದ ಒಂದು ಒಳ್ಳೆಯ ಅಪಘಾತ. ನಿನ್ನೆ ಭಾನುವಾರದವರೆಗೆ.

ನಿನ್ನೆ ಮಾವ ಬಂದಿದ್ದ. ಕೈಯಲ್ಲಿ ಹೊಸ ಫೋನು, ಪಾರದರ್ಶಕ ಪ್ಲಾಸ್ಟಿಕ್ಕಿನ ಸಾದಾ ಹೊದಿಕೆ. ಅದರ ದಿಕ್ಸೂಚಿ ತೋರಿಸುವ ಉಮೇದಿನಲ್ಲಿ ಹಿತ್ತಲ ನಡುವೆ ನಿಂತ. ಒಮ್ಮೆ ತಿರುಗಿದ. ಇನ್ನೊಮ್ಮೆ ತಿರುಗಿದ. ಮುಖ ಇಳಿಯಿತು.

"ಲಾಯರಮ್ಮ, ನೀನು ಹೇಳಿದ್ದೇ ಸರಿ ಕಣಮ್ಮ. ಈಶಾನ್ಯ ಆ ಗೋಡೌನ್ ಕಡೆ. ಇದು ಆಗ್ನೇಯ! ಅಯ್ಯಯ್ಯೋ, ಎರಡು ವರ್ಷ ತೆರೆದಿಟ್ಟಿದೀವಲ್ಲ. ಆ ಭಾಯ್ ನಂಬರ್ ಕೊಡು. ಇವತ್ತೇ ಇದನ್ನ ಮುಚ್ಚಿಸಿ ಆ ಕಡೆ ತೆಗೆಸ್ಬಿಡೋಣ."

ನನ್ನ ಬದುಕಿನಲ್ಲಿ ಎದುರಾಳಿಯೊಬ್ಬ ತನ್ನ ಬಾಯಿಂದಲೇ ಸೋಲೊಪ್ಪಿದ್ದು ಇದೇ ಮೊದಲು. ಎರಡು ವರ್ಷ ಕಾದ ಗೆಲುವು. ಆಚೆ ಶಾಂತ ಆಂಟಿ ಕೊತ್ತಂಬರಿ ಸೋಸುತ್ತಿದ್ದವರು ಕೈ ನಿಲ್ಲಿಸಿದ್ದರು. ಅಮ್ಮ ಕಾಂಪೌಂಡು ಹಿಡಿದು ನಿಂತಿದ್ದಳು, ಹಿಡಿದ ಕೈ ಬೆಳ್ಳಗಾಗಿತ್ತು.

"ಇಲ್ಲ ಮಾವ," ಎಂದೆ. "ಹೊಸ ಫೋನುಗಳು ಮೊದಮೊದಲು ಹಿಂಗೇ ತಪ್ಪು ತೋರಿಸ್ತವೆ. ನಿಮ್ಮ ಹಳೇ ಫೋನೇ ಸರಿ."

"ಅವತ್ತು ನೀನೇ ತಾನೇ ಸೂರ್ಯ, ಪೂರ್ವ, ಮ್ಯಾಗ್ನೆಟ್ ಅಂತ…"

"ಅವತ್ತು ನಂಗೆ ಉತ್ತರಾಯಣ ದಕ್ಷಿಣಾಯನದ ಲೆಕ್ಕ ಗೊತ್ತಿರ್ಲಿಲ್ಲ ಮಾವ."

ಅವನು ನಂಬಲಿಲ್ಲ. ಆದರೆ ನಾನು ಒಪ್ಪಿಕೊಂಡಿದ್ದರಿಂದ ಅವನಿಗೆ ವಾದ ಮುಂದುವರಿಸುವ ದಾರಿಯೂ ಉಳಿಯಲಿಲ್ಲ. ಹೊಸ ಫೋನನ್ನು ಅನುಮಾನದಿಂದ ಅಲ್ಲಾಡಿಸುತ್ತಾ, ಕಾಫಿ ಎಲ್ಲಿ ಎಂದು ಒಳಗೆ ಹೋದ. ಶಾಂತ ಆಂಟಿ ಕೊತ್ತಂಬರಿಗೆ ಮರಳಿದರು, ಅಗತ್ಯಕ್ಕಿಂತ ಹೆಚ್ಚಿನ ಗಮನವಿಟ್ಟು. ಅಮ್ಮನ ಕೈಗೆ ನಿಧಾನವಾಗಿ ಬಣ್ಣ ಬಂತು.

ನಾನು ಅವಳ ಪಕ್ಕ ನಿಂತು ಆ ಮೂಲೆಯನ್ನೇ ನೋಡಿದೆ. ಪಿಜಿ ಬರುವ ಮೊದಲು ಎದುರಿಗೆ ಖಾಲಿ ಸೈಟಿತ್ತು, ಹೊಂಗೆ ಮರವಿತ್ತು. ಅದರ ಸಂದಿಯಿಂದ ಮೊದಲ ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಚಾಪೆ ಹಾಸಿ ಸಂಡಿಗೆ ಇಡುತ್ತಿದ್ದವಳು ಯಾರು? ನಾನು ಎಚ್ಚರವಾಗುವ ಮೊದಲೇ ಎದ್ದು, ಬಿಸಿಲು ಸರಿದ ಹಾಗೆ ಚಾಪೆ ಸರಿಸುತ್ತಿದ್ದವಳು ಯಾರು? ಈ ಹಿತ್ತಲಿನ ದಿಕ್ಕುಗಳಿಗೆ ಅವಳಿಗಿಂತ ದೊಡ್ಡ ಸಾಕ್ಷಿ ಬೇರೆ ಯಾರಿದ್ದರು? ನಾನು ಫೋನಿನ ಮ್ಯಾಗ್ನೆಟ್ಟನ್ನು ಪಾಟೀಸವಾಲಿಗೆ ಎಳೆದಿದ್ದೆ, ಮಾವನನ್ನು ಎಳೆದಿದ್ದೆ, ಸೂರ್ಯನನ್ನೂ ಬಿಟ್ಟಿರಲಿಲ್ಲ. ಅವಳೊಬ್ಬಳನ್ನು ಒಂದು ಮಾತೂ ಕೇಳದೆ ಬಿಟ್ಟಿದ್ದೆ.

ಅಮ್ಮ ಕಾಂಪೌಂಡು ಬಿಟ್ಟು ಬಾಗಿಲ ಕಡೆ ತಿರುಗಿದಳು. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ನಾನು ತೋಳು ಕೊಟ್ಟು, ಆಚೆಗೆ ಕೇಳದಷ್ಟು ಮೆಲ್ಲಗೆ ಕೇಳಿದೆ:

"ಅಮ್ಮಾ, ಅವತ್ತು ಮಾವ ಆ ಮೂಲೆ ತೋರಿಸಿದಾಗ, ಅದು ಈಶಾನ್ಯ ಅಲ್ಲ ಅಂತ ನಿಂಗೆ ಗೊತ್ತಿತ್ತಾ?"